ಆರಿದ್ರೆಯಿಂದ ಆಶ್ಲೇಷದವರೆಗೆ: ಬಿತ್ತನೆಯ ಗಣಿತ



1980ರ ದಶಕದ ಕೊನೆಯ ಮಾತು. ಮಧುಗಿರಿಯಲ್ಲಿ ಸರಾಸರಿಯ ಪಾಠ ಮಾಡುತ್ತಾ ಮಳೆಯ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ಎದ್ದು, "ಸಾರ್, ಈ ಸರಾಸರಿ ಮಳೆ ಯಾವ ದಿನ ಬರುತ್ತೆ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆ ವರ್ಷ ಅವನ ಮನೆಯ ಕಡಲೇಕಾಯಿ ಹೂವಿಗೆ ಬಂದಾಗ ಮಳೆ ಕೈಕೊಟ್ಟಿತು. ದಸರಾ ರಜೆಯ ನಂತರ ಅವನು ಶಾಲೆಗೆ ಮರಳಲಿಲ್ಲ. ಅವನ ಪ್ರಶ್ನೆಗೆ ವಿಜ್ಞಾನ ಉತ್ತರ ಹುಡುಕಿದ ಚರಿತ್ರೆಯನ್ನು ಇಲ್ಲಿ ನಿವೇದಿಸುತ್ತೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಖುಷ್ಕಿ ರೈತನಿಗೆ ಬಿತ್ತನೆಯೆಂದರೆ ಪಣ. ಕಡಲೇಕಾಯಿಯ ಹೂವಿನಿಂದ ಹೊರಟ ಮೊಳೆ ಮಣ್ಣಿಗಿಳಿದು ಕಾಯಿ ಕಟ್ಟಬೇಕು. ಆಗ ನೆಲ ಒಣಗಿದ್ದರೆ ಹಾಕಿದ ಬೀಜವೂ ಕೈಸೇರದು.

ಭಾರತದಲ್ಲಿ ಮುಂಗಾರಿನ ಅಧಿಕೃತ ಮುನ್ಸೂಚನೆ 1886ರಲ್ಲಿ ಬ್ಲಾನ್‌ಫರ್ಡನಿಂದ ಆರಂಭವಾಯಿತು. ಗಣಿತಜ್ಞ ಗಿಲ್ಬರ್ಟ್ ವಾಕರ್ ಅದಕ್ಕೆ ಸಂಖ್ಯಾಶಾಸ್ತ್ರದ ತಳಹದಿ ಹಾಕಿದನು. 1988ರಿಂದ ಹವಾಮಾನ ಇಲಾಖೆ 16 ಅಂಶಗಳ ಸೂತ್ರವನ್ನು ಬಳಸಿತು. 2002ರಲ್ಲಿ ಆ ಸೂತ್ರ ವಾಡಿಕೆಯ ಮಳೆಯೆಂದಿತು. ಬಿದ್ದದ್ದು ಶೇಕಡಾ 19ರಷ್ಟು ಕಡಿಮೆ. ಸೂತ್ರ ಸರಿಯಾದ ವರ್ಷಗಳಲ್ಲೂ ಅದು ಇಡೀ ದೇಶದ ಸರಾಸರಿಯೇ ಹೊರತು ಪಾವಗಡದ ಹೊಲದ ಮಾತಲ್ಲ.

ಈ ನಡುವೆ ಬೇರೊಂದು ಗಣಿತ ಬೆಳೆಯುತ್ತಿತ್ತು. ಹೌದು-ಅಲ್ಲಗಳ ನಡುವೆಯೂ ಸತ್ಯಕ್ಕೆ ಮಟ್ಟಗಳುಂಟೆಂದು 1965ರಲ್ಲಿ ಲಾಟ್ಫಿ ಜಾದೆ ಪ್ರತಿಪಾದಿಸಿದರು. ನಮ್ಮ ರೈತರು 'ಹದ' ಎನ್ನುವುದೂ ಇಂಥದ್ದೇ: ನೆಲ ಒದ್ದೆಯೋ ಒಣಗಿದೆಯೋ ಎಂಬುದಲ್ಲ, ಎಷ್ಟು ಹದವಾಗಿದೆ ಎಂಬುದು. 1996ರಲ್ಲಿ ಬೆಂಗಳೂರಿನಲ್ಲಿ ಪ್ರಶಾಂತ ಗೋಸ್ವಾಮಿ ಮತ್ತು ಶ್ರೀವಿದ್ಯಾ ಅವರು ಮಿದುಳಿನ ನರಗಳ ಮಾದರಿಯ ಗಣನಜಾಲಕ್ಕೆ ಹಿಂದಿನ ಮಳೆಯ ಅಂಕಿಗಳನ್ನೇ ಕಲಿಸಿ, ಮುಂದಿನ ಮಳೆಯನ್ನು ಅಂದಾಜಿಸುವ ವಿಧಾನವನ್ನು ಪ್ರಕಟಿಸಿದರು. ಸೂತ್ರವನ್ನು ಮೊದಲೇ ಕೊಡದೆ, ತಪ್ಪುಗಳಿಂದ ತಿದ್ದಿಕೊಳ್ಳಲು ಬಿಡುವುದು ಇದರ ಕ್ರಮ. ಒಳ್ಳೆಯ ವಿದ್ಯಾರ್ಥಿಯ ಕ್ರಮವೂ ಅದೇ ಅಲ್ಲವೇ?

ಆದರೆ ಹುಡುಗನ ಪ್ರಶ್ನೆಗೆ ಅತ್ಯಂತ ಸಮೀಪಕ್ಕೆ ಬಂದವರು ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್, ಪಿ. ಆರ್. ಶೇಷಗಿರಿರಾವ್ ಮತ್ತು ಸಂಗಡಿಗರು. ಅವರು ಪಾವಗಡ-ಅನಂತಪುರ ಸೀಮೆಯ ರೈತರನ್ನೇ ಕೇಳಿ ಪ್ರಶ್ನೆಯನ್ನು ರೂಪಿಸಿಕೊಂಡರು: ಮಳೆ ಎಷ್ಟು ಎಂದಲ್ಲ, ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂದು. ಹಲವು ದಶಕಗಳ ಮಳೆಯ ದಾಖಲೆಯನ್ನು ಕಡಲೇಕಾಯಿಯ ಬೆಳವಣಿಗೆಯ ಗಣಕ ಮಾದರಿಗೆ ಉಣಿಸಿ, ಒಂದೊಂದು ಬಿತ್ತನೆ ದಿನದ ಫಲವನ್ನೂ ಲೆಕ್ಕ ಹಾಕಿದರು. ರೈತರ ಬಿತ್ತನೆಯ ಅವಧಿ ಜೂನ್ 22ರಿಂದ ಆಗಸ್ಟ್ 17ರವರೆಗಿನದು. ಅದರೊಳಗೆ ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ವಿಫಲವಾಗುವ ಅಪಾಯ ಕಡಿಮೆಯೆಂದು ಕಂಡಿತು. ಆಗ ಕಾಯಿ ಕಟ್ಟುವ ಹೊತ್ತಿಗೆ ಸೆಪ್ಟೆಂಬರ್-ಅಕ್ಟೋಬರಿನ ಮಳೆ ಒದಗುತ್ತದೆ.

ಪಂಚಾಂಗ ತೆರೆದು ನೋಡಿ. ಜೂನ್ 22 ಆರಿದ್ರಾ ಮಳೆ ಹುಟ್ಟುವ ಹೊತ್ತು. ಆಗಸ್ಟ್ 17ಕ್ಕೆ ಆಶ್ಲೇಷ ಮುಗಿದು ಮಖೆ ಬರುತ್ತದೆ. ನಾಲ್ಕು ಮಳೆಗಳ ಆ ಎಂಟು ವಾರಗಳನ್ನು ಹಿರಿಯರು ತಲೆಮಾರುಗಳ ತಪ್ಪುಗಳಿಂದ ಕಲಿತಿದ್ದರು. ಗಣಕ ಅದನ್ನು ಅಳಿಸಲಿಲ್ಲ, ಒಳಗೊಂದು ಗೆರೆ ಎಳೆಯಿತು. ಆ ಗೆರೆಯೂ ಭರವಸೆಯಲ್ಲ. ಪುಷ್ಯವೂ ಒಣಗುವ ವರ್ಷಗಳುಂಟು.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಅಪ್ಪಾ, ನೀನಿದನ್ನು ಓದುತ್ತಿದ್ದರೆ ಕೇಳು: ಸರಾಸರಿ ಮಳೆ ಯಾವ ದಿನವೂ ಬರುವುದಿಲ್ಲ. ನಿನ್ನ ಪ್ರಶ್ನೆ ಸರಿಯಾಗಿತ್ತು, ನಮ್ಮ ನಗು ತಪ್ಪಾಗಿತ್ತು.