ಕೆರೆ ಉದ್ಯಾನ

ನೀರು ನಿಲ್ಲುವ ಅಂಗಳ, ಏರಿ ಮತ್ತು ಸುತ್ತಲಿನ ದಡವನ್ನು ಜನರ ವಿಹಾರಕ್ಕೂ ಹಕ್ಕಿ, ಮೀನು, ಜೊಂಡುಗಳ ಉಳಿವಿಗೂ ಒಟ್ಟಿಗೆ ಬಿಟ್ಟುಕೊಟ್ಟ ಸಾರ್ವಜನಿಕ ತಾಣವೇ ಕೆರೆ ಉದ್ಯಾನ. ಕರ್ನಾಟಕದಲ್ಲಿ ಇದಕ್ಕಾಗಿ ಹೊಸ ಕೊಳ ತೋಡಿದ್ದು ಕಡಿಮೆ. ಬೇಸಾಯಕ್ಕೋ ಕುಡಿಯುವ ನೀರಿಗೋ ಕಟ್ಟಿದ ಹಳೆಯ ಕೆರೆಗಳೇ ಊರು ಬೆಳೆದು ಸುತ್ತುವರಿದ ಮೇಲೆ ಉದ್ಯಾನಗಳಾಗಿವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸೀಮೆ ಈ ಬದಲಾವಣೆಯ ಅಂಚಿನಲ್ಲಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಪಡೆದ ಈ ಬಂಡೆಬೆಟ್ಟಗಳ ನಾಡಿನಲ್ಲಿ ಕೆರೆಯೆಂದರೆ ಮೊದಲು ಗದ್ದೆಯ ನೀರು. ನೀರುಗಂಟಿ ತೂಬು ಎತ್ತಿ ಅಚ್ಚುಕಟ್ಟಿಗೆ ನೀರು ಬಿಡುತ್ತಿದ್ದ. ಬೇಸಿಗೆಯಲ್ಲಿ ಅಂಗಳದ ಹೂಳು ಗಾಡಿಯೇರಿ ಹೊಲ ಸೇರುತ್ತಿತ್ತು. ಕೋಡಿ ಬಿದ್ದ ದಿನ ಊರಿಗೆ ಊರೇ ಏರಿಯ ಮೇಲೆ ನೆರೆಯುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಜಲಾಶಯಗಳು ಬಂದವು. ಬೆಂಗಳೂರಿನ ಕುಡಿಯುವ ನೀರಿಗಾಗಿ ಮಾಗಡಿ ತಾಲ್ಲೂಕಿನಲ್ಲಿ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಲಾಯಿತು. ಚನ್ನಪಟ್ಟಣದ ಬಳಿ 1946ರಲ್ಲಿ ಕಣ್ವ, ಅರ್ಕಾವತಿಯ ಕೆಳಹರಿವಿನಲ್ಲಿ ಮುಂದೆ ಮಂಚನಬೆಲೆ ತಲೆಯೆತ್ತಿದವು. ಭಾನುವಾರ ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳಿಗೆ ಕಣ್ವ, ಮಂಚನಬೆಲೆ ಎರಡೂ ಮೆಚ್ಚಿನ ತಾಣಗಳಾದವು. ಆದರೆ ಇವುಗಳನ್ನು ವಿಹಾರಕ್ಕೆಂದು ರೂಪಿಸಿರಲಿಲ್ಲ. ಜಲಾಶಯದ ದಡ ದಿಢೀರನೆ ಆಳಕ್ಕಿಳಿಯುತ್ತದೆ. ಮಂಚನಬೆಲೆಯಲ್ಲಿ ನೀರಿಗಿಳಿದವರು ಮುಳುಗಿ ಸತ್ತ ಘಟನೆಗಳು ಮತ್ತೆ ಮತ್ತೆ ನಡೆದಿವೆ.

ಕೆರೆಯ ದಡ ಊರಿನ ತೋಟವಾದ ಮೊದಲ ಉದಾಹರಣೆಗಳು ಬೆಂಗಳೂರು, ಮೈಸೂರುಗಳಲ್ಲಿ ಸಿಗುತ್ತವೆ. ಬೆಂಗಳೂರಿನ ದಂಡು ಪ್ರದೇಶದ ನೀರಿನ ಅಗತ್ಯಕ್ಕೆ 1882ರಲ್ಲಿ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಇಂದು ನಡಿಗೆಯ ದಾರಿ, ಉದ್ಯಾನಗಳ ತಾಣ. ಆದರೆ ವಿಹಾರ ಮತ್ತು ಸಂರಕ್ಷಣೆ ಒಂದೇ ಆವರಣದಲ್ಲಿ ಕೂಡಿ ಬಾಳುವುದನ್ನು ತೋರಿಸಿಕೊಟ್ಟದ್ದು ಚಾಮುಂಡಿ ಬೆಟ್ಟದ ಬುಡದ ಕಾರಂಜಿ ಕೆರೆ. ಸುಮಾರು 90 ಹೆಕ್ಟೇರಿನ, ಅರ್ಧಕ್ಕೂ ಮಿಗಿಲಾಗಿ ನೀರೇ ಇರುವ ಈ ತಾಣ 1976ರಲ್ಲಿ ಮೈಸೂರಿನ ಮೃಗಾಲಯಕ್ಕೆ ಸೇರಿತು. ಮುಂದೆ ಚರಂಡಿ ನೀರಿನಿಂದ ಕೆಟ್ಟು, ಈ ಶತಮಾನದ ಆರಂಭದಲ್ಲಿ ಚೇತರಿಸಿಕೊಂಡಿತು. ಒಂದು ಕಡೆ ದೋಣಿವಿಹಾರ, ಒಳಹೊಕ್ಕು ನಡೆದಾಡಬಹುದಾದ ಪಕ್ಷಿಪಂಜರ, ಚಿಟ್ಟೆಗಳ ತೋಟ. ಇನ್ನೊಂದು ಕಡೆ ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆಗಳು ನೆಲೆಸಿದ ನಡುಗಡ್ಡೆಗಳು. ಮಕ್ಕಳ ಗದ್ದಲಕ್ಕೂ ಹಕ್ಕಿಯ ಗೂಡಿಗೂ ನಡುವೆ ನೀರೇ ಬೇಲಿಯಾಗಿರುವುದು ಇಲ್ಲಿನ ಸೊಗಸು.

1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳು ಬಸ್ ನಿಲ್ದಾಣ, ಕ್ರೀಡಾಂಗಣ, ಬಡಾವಣೆಗಳಿಗೆ ಬಲಿಯಾಗುತ್ತಿದ್ದಾಗ ಎನ್. ಲಕ್ಷ್ಮಣರಾವ್ ಸಮಿತಿ ಉಳಿದವನ್ನು ಕಾಪಾಡಲು ಶಿಫಾರಸು ಮಾಡಿತು. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಅದು ಕೆಲವು ಕೆರೆಗಳನ್ನು ವಿಹಾರತಾಣ ಮಾಡಲು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ವಿರೋಧವೆದ್ದು, 2008ರಲ್ಲಿ ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ರಾಜಕಾಲುವೆ, ದಡ, ಒತ್ತುವರಿಗಳನ್ನೆಲ್ಲ ಸೇರಿಸಿ ಕೆರೆಯನ್ನು ಇಡಿಯಾಗಿ ನೋಡಿದ್ದು ಈ ವ್ಯಾಜ್ಯದ ದೊಡ್ಡ ಫಲ. 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದೇ ರಾಜ್ಯ ಕಾಯ್ದೆ ಬಂತು. ಇದೇ ವೇಳೆಗೆ ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯಲ್ಲಿ ಅಕ್ಕಪಕ್ಕದ ನಿವಾಸಿಗಳೂ ಪಾಲಿಕೆಯೂ ಕೂಡಿ ನಡಿಗೆಯ ದಾರಿ, ಮಕ್ಕಳ ಜಾಗ, ಹಕ್ಕಿಗಳ ನಡುಗಡ್ಡೆಗಳನ್ನು ಒಂದೇ ನಕ್ಷೆಗೆ ತಂದರು.

ಕೆರೆ ಉದ್ಯಾನದ ಅಳಿವು ಉಳಿವು ದಡದ ಓರೆಯಲ್ಲಿದೆ. ಹೂಳೆತ್ತುವ ಭರದಲ್ಲಿ ಅಂಗಳವನ್ನು ಬೋಗುಣಿಯಂತೆ ಅಗೆದು, ಸುತ್ತ ಕಲ್ಲು ಕಟ್ಟಿ, ಅದರ ಮೇಲೆ ನಡಿಗೆಯ ದಾರಿ ಹಾಸಿದರೆ ನೀರು ಹೆಚ್ಚು ನಿಲ್ಲುತ್ತದೆ, ನೋಟಕ್ಕೂ ಅಚ್ಚುಕಟ್ಟಾಗಿರುತ್ತದೆ. ಆದರೆ ಹಕ್ಕಿಗೆ ಕಾಲೂರಲು ಜಾಗವಿರುವುದಿಲ್ಲ. ಬಣ್ಣದ ಕೊಕ್ಕರೆ ಮೇಯುವುದನ್ನು ನೋಡಿದರೆ ಇದು ತಿಳಿಯುತ್ತದೆ. ಮೊಣಕಾಲು ಮುಳುಗದಷ್ಟು ನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ನೀರಿಗಿಟ್ಟು ಅತ್ತಿತ್ತ ಬೀಸುತ್ತದೆ. ಮೀನು ಸೋಕಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಸ್ಪರ್ಶವನ್ನೇ ನಂಬುವ ಈ ಬೇಟೆ ಆಳದ ನೀರಿನಲ್ಲಿ ಸಾಗದು. ಚನ್ನಪಟ್ಟಣದ ನೆರೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಯಂಗಳದ ಮರಗಳ ಮೇಲೆ ಮರಿ ಮಾಡುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಶಿಂಷಾ ನದಿಯೂ ಸುತ್ತಲಿನ ಕೆರೆಗಳೂ ಉಗ್ರಾಣ. ಈ ಸೀಮೆಯ ಕೆರೆಯೊಂದರ ಅಂಚು ಕಲ್ಲುಗೋಡೆಯಾದರೆ ನಷ್ಟ ಆ ಕೆರೆಯಲ್ಲಿಗೇ ನಿಲ್ಲುವುದಿಲ್ಲ. ಓರೆಯಾಗಿ ಇಳಿಯುವ ದಡ ಕಾಲು ಜಾರಿದ ಮಗುವಿಗೂ ಆಸರೆ.

ಹೆಸರಿನ ಗೊಂದಲವೊಂದನ್ನು ಇಲ್ಲಿ ಬಿಡಿಸಬೇಕು. 2024ರಲ್ಲಿ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಮಾಗಡಿ ಕೆರೆ ಈ ಮಾಗಡಿಯದಲ್ಲ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆ ಗದಗ ಜಿಲ್ಲೆಯದು.

ದಡ ಎಷ್ಟೇ ಚೆನ್ನಾಗಿದ್ದರೂ ಒಳಬರುವ ನೀರು ಕೆಟ್ಟರೆ ಉದ್ಯಾನ ಉಳಿಯದು. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿ ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ನೊರೆಯ ಮಡುವಾಗಿಸಿತು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಸಂಸ್ಕರಿಸಿದ ತ್ಯಾಜ್ಯನೀರು ಜೊಂಡಿನ ಜೌಗನ್ನು ಹಾದು ಕೆರೆ ಸೇರುವ ಏರ್ಪಾಡು ಇದಕ್ಕೊಂದು ಪರಿಹಾರ. ಮಳೆನೀರು ಹರಿದು ಬರುವ ನೆಲದ ಕಾವಲು ಇನ್ನೊಂದು. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದಲ್ಲಿ ಕಟ್ಟಡ, ಕೈಗಾರಿಕೆಗಳನ್ನು ನಿಯಂತ್ರಿಸಲು ರಾಜ್ಯ ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಅಷ್ಟರಲ್ಲಿ ಅರ್ಕಾವತಿಯ ಒಳಹರಿವು ಬಹಳಷ್ಟು ಬತ್ತಿಹೋಗಿತ್ತು.