ಅನುಭವಗೋಷ್ಠಿಯೂ ವಿದ್ಯಾಲಯದ ವೇದಿಕೆಯೂ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಮಲಪ್ರಭೆಯ ತೀರದ ಕೊಣ್ಣೂರು ಪ್ರಾಚೀನವಾದ ಗ್ರಾಮವು. ರಾಷ್ಟ್ರಕೂಟ ಅಮೋಘವರ್ಷ ನೃಪನು ಶಕವರ್ಷ 782ರಲ್ಲಿ, ಎಂದರೆ ಕ್ರಿ. ಶ. 860ರಲ್ಲಿ, ಇಲ್ಲಿಯ ಜಿನಾಲಯಕ್ಕೆ ಕೊಟ್ಟ ದಾನವನ್ನು ಮುಂದಿನವರು ಕಲ್ಲಿನಲ್ಲಿ ಕೆತ್ತಿಸಿದರು. ಆ ಶಿಲಾಲೇಖವು ಇಲ್ಲಿಯ ಪರಮೇಶ್ವರ ದೇವಾಲಯದಲ್ಲಿ ದೊರೆಯಿತು. ಜಿನಾಲಯದ ದಾನವನ್ನು ಶಿವಾಲಯವು ಕಾಪಾಡಿದ ಈ ಸೀಮೆಗೆ ಸಹಬಾಳ್ವೆಯ ಮಾತು ಹೊಸದಲ್ಲ.

ಈಗ ವಿದ್ಯಾಲಯಗಳಲ್ಲಿ ಸಾಮಾಜಿಕ ನ್ಯಾಯ, ಪ್ರಜಾಪ್ರಭುತ್ವ, ಸಮುದಾಯಧರ್ಮ ಎಂಬ ವಿಷಯಗಳನ್ನು ಕುರಿತು ಉಪನ್ಯಾಸಗಳು ನಡೆಯುತ್ತವೆ. ಹೆಸರುಗಳು ನೂತನವಾದರೂ ತಿರುಳು ಪುರಾತನವಾದುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಲ್ಲಮಪ್ರಭುದೇವರ ಸನ್ನಿಧಿಯಲ್ಲಿ ಅಂಬಿಗರ ಚೌಡಯ್ಯನೂ ಮಾದಾರ ಚೆನ್ನಯ್ಯನೂ ಅಕ್ಕಮಹಾದೇವಿಯೂ ಮಾತಿಗೆ ಅಧಿಕಾರಿಗಳೆಂದು ಶರಣಪರಂಪರೆಯು ನಂಬಿಕೊಂಡು ಬಂದಿದೆ. ಅಲ್ಲಿ ಕುಲವನ್ನು ಕೇಳುವವರಿರಲಿಲ್ಲ, ಅನುಭಾವವೊಂದೇ ಪ್ರಮಾಣವಾಗಿತ್ತು.

ಆ ಮಾತು ವಿದ್ಯಾಲಯದ ವೇದಿಕೆಯನ್ನೇರಬೇಕಾದರೆ ಮೊದಲು ವಿದ್ಯಾಲಯವೇ ಬೇಕಷ್ಟೆ. ಈ ಸೀಮೆಗೆ ನೆರೆಯದಾದ ನವಲಗುಂದ-ಶಿರಸಂಗಿ ಸಂಸ್ಥಾನದ ತ್ಯಾಗವೀರ ಲಿಂಗರಾಜ ದೇಸಾಯಿಯವರು 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಗೆ ಅಧ್ಯಕ್ಷರಾಗಿದ್ದರು. 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾಪ್ರಸಾರಕ್ಕಾಗಿ ಮೀಸಲಿರಿಸಿದರು. 1933ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ಕಾಲೇಜು ಅವರ ನಾಮಧೇಯವನ್ನೇ ಧರಿಸಿತು. ಇತ್ತ 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿಸಿದರು, 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಹೀಗೆ ಓಲೆಗರಿಯ ಕಟ್ಟಿನಲ್ಲಿದ್ದ ಶರಣವಾಣಿಯು ವಿದ್ಯಾರ್ಥಿಯ ಕೈಗೆ ಬಂದಿತು.

ಆದರೆ ಇತಿಹಾಸವನ್ನು ಬರೆಯುವಾಗ ಅಪ್ರಿಯವಾದ ಸಂಗತಿಯನ್ನು ಮರೆಮಾಜತಕ್ಕದ್ದಲ್ಲ. ಅಂದಿನ ವಿದ್ಯಾದಾನವು ಬಹುಮಟ್ಟಿಗೆ ಸ್ವಸಮಾಜದ ಬಾಲಕರಿಗಾಗಿಯೇ ಇತ್ತು. 1928ರ ಸುಮಾರಿಗೆ ಡಾ॥ ಅಂಬೇಡ್ಕರರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಐದು ಸ್ಥಳಗಳಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿಗೃಹಗಳಾದವು. ಅವುಗಳಲ್ಲಿ ಧಾರವಾಡವೂ ಒಂದು. ಮಾದಾರ ಚೆನ್ನಯ್ಯನನ್ನು ತನ್ನ ಹಿರಿಯನೆಂದು ಬಸವಣ್ಣನವರು ಕೊಂಡಾಡಿದ ನಾಡಿನಲ್ಲಿ ಚೆನ್ನಯ್ಯನ ಕುಲದ ಬಾಲಕನಿಗೆ ಬೇರೆ ಪಂಕ್ತಿಯೇಕೆ ಬೇಕಾಯಿತು? ಈ ಪ್ರಶ್ನೆಗೆ ಉತ್ತರವನ್ನು ಪರರಲ್ಲಿ ಹುಡುಕುವುದು ಶರಣಧರ್ಮವಲ್ಲ. ಬಾಯಲ್ಲಿ ವಚನವು ಉಳಿದು, ನಡೆಯಲ್ಲಿ ಕುಲವು ಉಳಿದುದೇ ಅದರ ಕಾರಣವು.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ ಸರ್ವರಿಗೂ ಸಮಾನವಾದ ಮತವನ್ನು ಕೊಟ್ಟಿತು. ಶಾಸನವು ಬಾಗಿಲನ್ನು ತೆರೆಯಬಲ್ಲದು. ಒಳಗೆ ಕರೆದು ಕುಳ್ಳಿರಿಸುವ ಹೃದಯವನ್ನು ಮಠಗಳೂ ಮನೆಗಳೂ ಕೊಡಬೇಕು. ಈ ಕಾರ್ಯದಲ್ಲಿ ಗದುಗಿನ ತೋಂಟದಾರ್ಯ ಮಠದ ನಿದರ್ಶನವು ಸ್ಮರಣೀಯವಾದುದು. 1974ರಲ್ಲಿ ಪೀಠವನ್ನಲಂಕರಿಸಿದ ಡಾ॥ ಸಿದ್ಧಲಿಂಗ ಮಹಾಸ್ವಾಮಿಗಳವರು 2018ರಲ್ಲಿ ಲಿಂಗೈಕ್ಯರಾಗುವವರೆಗೂ ವಾರಕ್ಕೊಮ್ಮೆ ಶಿವಾನುಭವಗೋಷ್ಠಿಯನ್ನು ಜರುಗಿಸಿ, ಮತಭೇದವಿಲ್ಲದೆ ವಿದ್ವಾಂಸರನ್ನು ಕರೆಯಿಸಿ ನುಡಿಸಿದರು. ಅಲ್ಲಿ ಮಠವೇ ವಿದ್ಯಾಲಯವಾಯಿತು. ಒಕ್ಕಲಿಗನೂ ವ್ಯಾಪಾರಿಯೂ ವಿದ್ಯಾರ್ಥಿಗಳಾದರು.

ಆದುದರಿಂದ ವಿದ್ಯಾಲಯದ ವೇದಿಕೆಯಲ್ಲಿ ಸಮತೆಯನ್ನು ಕುರಿತು ಕೇಳಿದ ತರುಣನು ಊರಿಗೆ ಮರಳಿದ ಮೇಲೆ ಯಾರೊಡನೆ ಕುಳಿತು ಉಣ್ಣುತ್ತಾನೆಂಬುದೇ ಆ ಉಪನ್ಯಾಸದ ನಿಜವಾದ ಪರೀಕ್ಷೆಯು. ಗೋಷ್ಠಿಯ ಮಾತು ಪಂಕ್ತಿಯಲ್ಲಿ ಸತ್ಯವಾದಂದೇ ಕಲ್ಯಾಣವು ಮರಳಿ ನೆಲೆಗೊಳ್ಳುವುದು. ಮಹೋತ್ಸವವನ್ನು ಆಚರಿಸುವ ಭಕ್ತವೃಂದವು ಇದನ್ನು ಮನಗಾಣಲಿ.

॥ ಶುಭಂ ಭೂಯಾತ್ ॥