ಕೊಟ್ಟೋನು ಕೋಡಂಗಿ: ಕೆನಡಾದ ಕಾರ್ಬನ್ ತೆರಿಗೆಯ ಕತೆ

ತೆರಿಗೆ ಹಾಕಿ ಬೈಸಿಕೊಂಡ ಸರಕಾರಗಳು ಬೇಕಾದಷ್ಟಿವೆ. ಆದರೆ ವಸೂಲಿ ಮಾಡಿದ ದುಡ್ಡನ್ನು ಜನರಿಗೇ ವಾಪಸ್ ಕೊಟ್ಟು, ಆಮೇಲೂ ಬೈಸಿಕೊಂಡ ಸರಕಾರ? ಕೆನಡಾದಲ್ಲಿ ಆದದ್ದು ಅದೇ. ಇತಿಹಾಸ ಅಂದರೆ ರಾಜರು, ಯುದ್ಧಗಳು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ನನ್ನನ್ನಂತೂ ಈ ಕತೆ ತುಂಬಾ ಕಾಡಿದೆ.

ಶುರುವಾದದ್ದು ಪಶ್ಚಿಮ ಕರಾವಳಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ. ಅಲ್ಲಿನ ಪ್ರೀಮಿಯರ್ (ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ) ಗಾರ್ಡನ್ ಕ್ಯಾಂಪ್‌ಬೆಲ್ 2008ರ ಜುಲೈ 1ರಿಂದ ಪೆಟ್ರೋಲ್, ಡೀಸೆಲ್, ಗ್ಯಾಸ್ ಮೇಲೆ ತೆರಿಗೆ ಹಾಕಿದರು. ಉರಿಸಿದಾಗ ಹೊರಬೀಳುವ ಕಾರ್ಬನ್ ಡೈ ಆಕ್ಸೈಡ್ ಟನ್ನಿಗೆ 10 ಡಾಲರ್. 2012ರ ಹೊತ್ತಿಗೆ 30. ಬಂದ ಹಣಕ್ಕೆ ಸರಿಯಾಗಿ ಬೇರೆ ತೆರಿಗೆಗಳನ್ನು ಇಳಿಸಿದರು. ಶುರುವಿನಲ್ಲೇ ತಲೆಗೆ 100 ಡಾಲರ್ ಹಂಚಿದ್ದೂ ಆಯಿತು! 2009ರ ಚುನಾವಣೆಯಲ್ಲಿ ವಿರೋಧ ಪಕ್ಷ ಈ ತೆರಿಗೆ ಕಿತ್ತುಹಾಕುತ್ತೇವೆ ಅಂತ ಹೊರಟಿತು. ಗೆದ್ದದ್ದು ಕ್ಯಾಂಪ್‌ಬೆಲ್.

ಹತ್ತು ವರ್ಷದ ನಂತರ ಪ್ರಧಾನಿ ಜಸ್ಟಿನ್ ಟ್ರುಡೊ ಸರಕಾರ ಇದನ್ನೇ ಇನ್ನೊಂದು ರೀತಿಯಲ್ಲಿ ತಂದಿತು. 2019ರ ಏಪ್ರಿಲ್ 1ರಂದು ಒಂಟಾರಿಯೊ, ಮ್ಯಾನಿಟೋಬಾ, ಸಸ್ಕಾಚೆವಾನ್, ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯಗಳಲ್ಲಿ ಟನ್ನಿಗೆ 20 ಡಾಲರ್. ಇಂಧನದ ಮೇಲೆ ವಸೂಲಾದದ್ದರಲ್ಲಿ ಸುಮಾರು ಶೇ. 90 ಭಾಗ ನೇರವಾಗಿ ಕುಟುಂಬಗಳಿಗೆ ವಾಪಸ್.

"ಈ ಕೈಯಲ್ಲಿ ಕಿತ್ತುಕೊಂಡು ಆ ಕೈಯಲ್ಲಿ ಕೊಟ್ಟರೆ ಏನು ಬಂತು?" ಅಂತ ಕೇಳಬಹುದು. ಗುಟ್ಟು ಇರುವುದೇ ಅಲ್ಲಿ. ಒಂದೇ ಊರಿನ, ಅಷ್ಟೇ ಜನರಿರುವ ಎರಡು ಮನೆಗಳಿಗೆ ಸಿಗುವ ಮೊತ್ತ ಒಂದೇ. ಒಬ್ಬರ ಮನೆಯಲ್ಲಿ ಎರಡು ದೊಡ್ಡ ಕಾರುಗಳಿರಲಿ, ಇನ್ನೊಬ್ಬರು ಬಸ್ಸಲ್ಲೇ ಓಡಾಡಲಿ. ಹೆಚ್ಚು ಉರಿಸಿದವರಿಗೆ ನಷ್ಟ, ಕಡಿಮೆ ಉರಿಸಿದವರಿಗೆ ಲಾಭ. ಸಾಮಾನ್ಯವಾಗಿ ಕಡಿಮೆ ಉರಿಸುವವರು ಯಾರು? ಬಡವರೇ ತಾನೆ.

ಎಡವಿದ್ದು ಎಲ್ಲಿ? ನನ್ನ ಪ್ರಕಾರ, ಕೊಟ್ಟ ರೀತಿಯಲ್ಲಿ. ಮೊದಮೊದಲು ಈ ಹಣ ಆದಾಯ ತೆರಿಗೆಯ ಲೆಕ್ಕದೊಳಗೆ ಒಂದು ಸಾಲಾಗಿ ಸೇರಿಹೋಗುತ್ತಿತ್ತು. 2022ರಿಂದ ಮೂರು ತಿಂಗಳಿಗೊಮ್ಮೆ ಖಾತೆಗೆ ಜಮೆಯಾಗತೊಡಗಿತು. ಆದರೆ ಪಾಸ್‌ಬುಕ್ಕಿನ ಸಾಲು ನೋಡಿದರೆ ಯಾತರ ದುಡ್ಡು ಅಂತಲೇ ಎಷ್ಟೋ ಜನರಿಗೆ ತಿಳಿಯುತ್ತಿರಲಿಲ್ಲ. ಹೆಸರು ಬದಲಿಸಿ 'ಕೆನಡಾ ಕಾರ್ಬನ್ ರಿಬೇಟ್' ಅಂತ ಕರೆಯುವಷ್ಟರಲ್ಲಿ 2024 ಬಂದಿತ್ತು. ಆ ವರ್ಷ ಒಂಟಾರಿಯೊದ ನಾಲ್ಕು ಜನರ ಕುಟುಂಬಕ್ಕೆ 1,120 ಡಾಲರ್ ಲೆಕ್ಕವಾಗಿತ್ತು. ಆದರೆ ಪೆಟ್ರೋಲ್ ಬಂಕಿನಲ್ಲಿ ಲೀಟರಿಗೆ 17.6 ಸೆಂಟ್ ಹೋಗುವುದು ಪ್ರತಿ ವಾರ ಕಣ್ಣಿಗೆ ಹೊಡೆಯುತ್ತಿತ್ತು. ಅದೇ ಕಾಲಕ್ಕೆ ಎಲ್ಲದರ ಬೆಲೆಯೂ ಏರಿತ್ತು. 'ತೆರಿಗೆ ಕಿತ್ತೊಗೆಯಿರಿ' ಅನ್ನುವ ಪಿಯೆರ್ ಪೊಯಿಲಿಯೆವ್ರ್ ಅವರ ಘೋಷಣೆ ಚೆನ್ನಾಗಿ ನಾಟಿತು.

2023ರ ಅಕ್ಟೋಬರಿನಲ್ಲಿ ಟ್ರುಡೊ ತಾವೇ ಇನ್ನೊಂದು ಏಟು ಹಾಕಿಕೊಂಡರು. ಮನೆ ಬೆಚ್ಚಗಿಡಲು ಉರಿಸುವ ಎಣ್ಣೆಗೆ ಮೂರು ವರ್ಷ ತೆರಿಗೆ ವಿನಾಯಿತಿ! ಅದನ್ನು ಹೆಚ್ಚಾಗಿ ಬಳಸುವುದು ಅಟ್ಲಾಂಟಿಕ್ ಕರಾವಳಿಯವರು. "ಹಾಗಾದರೆ ಗ್ಯಾಸ್ ಉರಿಸುವ ನಾವೇನು ಪಾಪ ಮಾಡಿದ್ವಿ?" ಅಂತ ಸಸ್ಕಾಚೆವಾನ್ ಸಿಡಿದೆದ್ದಿತು. ಎಲ್ಲರಿಗೂ ಒಂದೇ ನ್ಯಾಯ ಅನ್ನುವ ಬುಡವೇ ಅಲುಗಾಡಿತು.

2025ರ ಮಾರ್ಚ್ 14ರಂದು ಪ್ರಧಾನಿಯಾದ ಮಾರ್ಕ್ ಕಾರ್ನಿ ಅದೇ ದಿನ ಈ ತೆರಿಗೆಯನ್ನು ಸೊನ್ನೆಗಿಳಿಸಿದರು, ಏಪ್ರಿಲ್ 1ರಿಂದ ಜಾರಿ. ಹಿಂದೆ ವಿಶ್ವಸಂಸ್ಥೆಯ ಹವಾಮಾನ ರಾಯಭಾರಿಯಾಗಿದ್ದವರು ಇವರೇ! ಬ್ರಿಟಿಷ್ ಕೊಲಂಬಿಯಾ ಕೂಡ ತನ್ನ ತೆರಿಗೆಗೆ ಅಂದೇ ಮಂಗಳ ಹಾಡಿತು. ದೊಡ್ಡ ಕಾರ್ಖಾನೆಗಳ ಮೇಲಿನದು ಮಾತ್ರ ಉಳಿಯಿತು. ಕೊನೆಯ ಕಂತು ಖಾತೆಗೆ ಬಂದದ್ದು ಏಪ್ರಿಲ್ 22ರಂದು.

ಬಂಕಿನಲ್ಲಿ ಬೆಲೆ ಇಳಿಯಿತು ಅಂತ ಕಾರಿದ್ದವರು ಖುಷಿಪಟ್ಟರು. ಕಾರಿಲ್ಲದವರ ಮನೆಗೆ ಬರುತ್ತಿದ್ದ ದುಡ್ಡು ಸದ್ದಿಲ್ಲದೆ ನಿಂತಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ನಮ್ಮಲ್ಲಿ ಗಾದೆಯಿದೆ. ಇಲ್ಲಿ ಇಸ್ಕೊಂಡೋನಿಗೆ ತಾನು ಇಸ್ಕೊಂಡದ್ದೇ ಗೊತ್ತಾಗಲಿಲ್ಲ... ಹಾಗಾಗಿ ಉಳಿಸಿಕೊಳ್ಳೋಕೆ ಜಗಳ ಆಡುವವರೂ ಇರಲಿಲ್ಲ.

ನೀವೇನಂತೀರಿ?